ಟಣ್ಣಪ್ಪನವರ ಸೀಮೆಸುಣ್ಣ

ಬೆಳಿಗ್ಗೆ ಐದೂವರೆಗೆ ಟಣ್ಣಪ್ಪನವರ ಸುತ್ತಿಗೆ ಕಾಣೆಯಾಯಿತು. ಆದದ್ದು ಅಷ್ಟೇ. ಮುಂದಿನದೆಲ್ಲ ಅದರ ಬಾಲ ಹಿಡಿದುಕೊಂಡು ಬಂತು.

ಅದೇನು ದೊಡ್ಡ ಸುತ್ತಿಗೆಯಲ್ಲ. ಗೇಣುದ್ದದ ಹಿಡಿ, ನಿಂಬೆಹಣ್ಣಿನಷ್ಟು ತಲೆ. ಅದರಲ್ಲಿ ಹೊಡೆಯಲು ಹೋದರೆ ಮೊಳೆಯೇ ನಗಬೇಕು. ಆದರೆ ಟಣ್ಣಪ್ಪನವರು ಇಪ್ಪತ್ತೆಂಟು ವರ್ಷ ಅನ್ನ ತಿಂದದ್ದು ಅದರಿಂದಲೇ. ಸೇತುವೆ ಕಟ್ಟುವಾಗ ಉಕ್ಕಿನ ಕೊಳವೆಗಳ ಒಳಗೆ ಕಾಂಕ್ರೀಟು ತುಂಬುತ್ತಾರಲ್ಲ, ಅದು ಗಟ್ಟಿಯಾದ ಮೇಲೆ ಕೊಳವೆಯನ್ನು ಮೊಳ ಮೊಳಕ್ಕೂ ತಟ್ಟಿ, ಕಿವಿ ಕೊಟ್ಟು ಕೇಳುವುದು ಅವರ ಕೆಲಸ. ಒಳಗೆ ತುಂಬಿದ್ದರೆ ಕೊಳವೆ ‘ದೊಪ್’ ಅನ್ನುತ್ತದೆ. ಪೊಳ್ಳಿದ್ದರೆ ‘ಟಣ್’ ಅನ್ನುತ್ತದೆ. ಟಣ್ ಅಂದ ಕಡೆ ಅವರು ಸೀಮೆಸುಣ್ಣದಿಂದ ಒಂದು ಸುತ್ತು ಬರೆಯುತ್ತಾರೆ. ಆ ಸುತ್ತು ಬಿದ್ದ ಮೇಲೆ ಯಾರೂ ಎದುರಾಡುವಂತಿಲ್ಲ. ಅಲ್ಲಿ ತೂತು ಕೊರೆದು ಸಿಮೆಂಟಿನ ಗಂಜಿ ತುಂಬಿಸಲೇಬೇಕು.

ಹೀಗೆ ತಟ್ಟಿ ತಟ್ಟಿ ಅವರು ಟಣ್ಣಪ್ಪನವರಾದರು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಸಿರಾಡಿಕೊಂಡಿತ್ತು. ಮನೆಯಲ್ಲೂ ಅವರ ಕೈ ಸುಮ್ಮನಿರುತ್ತಿರಲಿಲ್ಲ. ಕಲ್ಲಂಗಡಿ ತಟ್ಟುವರು, ಬಾಗಿಲು ತಟ್ಟುವರು. ಪಕ್ಕದ ಮನೆಯ ನಿವೃತ್ತ ಪೋಸ್ಟ್ ಮಾಸ್ತರು ಹೊಸದಾಗಿ ಗೋಡೆ ಕಟ್ಟಿಸಿ ತೋರಿಸಿದಾಗ ಅದನ್ನೂ ತಟ್ಟಿ, ಏನೂ ಹೇಳದೆ ಒಂದು ಸುತ್ತು ಬರೆದು ಬಂದಿದ್ದರು. ನಾಲ್ಕು ವರ್ಷದ ಮೊಮ್ಮಗಳು ಅಜ್ಜನ ಬೋಳುತಲೆಯನ್ನು ಚಮಚೆಯಿಂದ ತಟ್ಟಿ “ಟಣ್!” ಅನ್ನುವಳು. ಮನೆಯವರೆಲ್ಲ ನಗುವರು. ಅಜ್ಜನೂ ನಗುವರು, ಆದರೆ ಒಂದು ಗಳಿಗೆ ತಡವಾಗಿ.

“ಏ, ನನ್ನ ಸುತ್ತಿಗೆ ಎಲ್ಲೇ?”

“ನಿಮ್ ಸುತ್ತಿಗೆಗೆ ನಾನೇನು ಕಾವಲಾ?” ಅಂದರು ಹೆಂಡತಿ, ಒಲೆಯ ಕಡೆಯಿಂದ ಮುಖ ತಿರುಗಿಸದೆ.

ಇಪ್ಪತ್ತೆಂಟು ವರ್ಷ ಉಕ್ಕಿನ ಒಳಗನ್ನು ಕೇಳಿಸಿಕೊಂಡವರಿಗೆ ಹೆಂಡತಿಯ ಮಾತಿನ ಒಳಗು ಕೇಳಿಸದೇ? ಸುತ್ತಿಗೆಯನ್ನು ಇವಳೇ ಬಚ್ಚಿಟ್ಟಿದ್ದಾಳೆ ಅಂತ ತಕ್ಷಣ ಗೊತ್ತಾಯಿತು. ಯಾಕೆ ಅನ್ನುವುದೂ ಗೊತ್ತಿತ್ತು.

ಊರ ಹೊಳೆಗೆ ಹೊಸ ಸೇತುವೆ ಏಳುತ್ತಿತ್ತು. ಎರಡು ದಡಕ್ಕೂ ಕಾಲೂರಿ, ಬಿಲ್ಲಿನ ಹಾಗೆ ಬಾಗಿದ, ತುಂಡುಗಳನ್ನು ಬೆಸೆದು ಮಾಡಿದ ಉಕ್ಕಿನ ಕೊಳವೆ. ಇಂಥ ಕಮಾನಿಗೆ ಮೇಲಿನಿಂದ ಕಾಂಕ್ರೀಟು ಸುರಿದರೆ ಗಾಳಿ ಸಿಕ್ಕಿಕೊಂಡು ಪೊಳ್ಳಾಗುತ್ತದೆ. ಅದಕ್ಕೆ ಬುಡದಲ್ಲಿ ಪಂಪು ಹಚ್ಚಿ, ಎರಡು ದಡದಿಂದಲೂ ಒಟ್ಟಿಗೆ, ಕೆಳಗಿನಿಂದ ಮೇಲಕ್ಕೆ ತಳ್ಳುತ್ತಾರೆ. ಕಮಾನಿನ ನೆತ್ತಿಯಲ್ಲಿ ಗಾಳಿ ಹೊರಗೆ ಹೋಗಲು ಒಂದೊಂದು ಬದಿಗೆ ಒಂದೊಂದು ಗಿಡ್ಡ ಕೊಳವೆ. ಕೆಲಸಗಾರರು ಅದನ್ನು ಮೂಗು ಅನ್ನುತ್ತಾರೆ. ನೆತ್ತಿಯ ಮೇಲೆ ಮೂಗಿರುವ ಪ್ರಾಣಿ ಇದೊಂದೇ. ಮೂಗಿನಿಂದ ಮೊದಲು ನೊರೆ ಬರುತ್ತದೆ, ಆಮೇಲೆ ನೀರುನೀರಾದ ಗಾರೆ, ಕೊನೆಗೆ ಜಲ್ಲಿ ಬೆರೆತ ಗಟ್ಟಿ ಕಾಂಕ್ರೀಟು. ಗಟ್ಟಿಯದು ಬಂದಾಗ ಮೇಲಿದ್ದವರು ಬಾವುಟ ಎತ್ತಬೇಕು. ಅಲ್ಲಿಯವರೆಗೆ ಪಂಪು ನಿಲ್ಲಿಸುವ ಹಾಗಿಲ್ಲ.

ಮೂರು ವಾರದ ಹಿಂದೆ ತುಂಬಿಸಿದ ದಿನ, ಈ ದಡದ ಮೂಗಿನ ಹತ್ತಿರ ಬಾವುಟ ಹಿಡಿದು ನಿಂತಿದ್ದವರು ಟಣ್ಣಪ್ಪನವರು. ಕೆಳಗೆ ಪಂಪು ನಡೆಸಿದವನು ಅವರ ಅಳಿಯ. ಆ ಅಳಿಯ ನಡುವೆ ನಾಲ್ಕು ನಿಮಿಷ ಪಂಪು ನಿಲ್ಲಿಸಿದ್ದ. ಕಾಂಕ್ರೀಟು ಆಗ ಹದಿನಾಲ್ಕನೆಯ ಬೆಸುಗೆಯ ಹತ್ತಿರ ಇತ್ತು.

ಎಂಜಿನಿಯರಮ್ಮ ಆಗಲೇ ಹೇಳಿಬಿಟ್ಟಿದ್ದಳು. “ಪೊಳ್ಳು ಸಿಕ್ಕಿದ್ರೆ, ಅದು ಯಾರ ಕೈಯಿಂದ ಆಯ್ತೋ ಅವರು ಮುಂದಿನ ಸೇತುವೆಗೆ ಹೋಗಿ ಮೊದಲಿಂದ ಕಲೀಲಿ.” ಮುಂದಿನ ಸೇತುವೆ ಅಂದರೆ ಮೂರು ದಿನದ ರೈಲು. ಪೊಳ್ಳಿಲ್ಲದಿದ್ದರೆ ಅಳಿಯನಿಗೆ ಇಲ್ಲಿಯ ಯಾರ್ಡಿನಲ್ಲೇ ಕಾಯಂ ಕೆಲಸ. ಮಗಳು, ಮೊಮ್ಮಗಳು ಹಿಂದಿನ ಬೀದಿಯ ಮನೆಯಲ್ಲೇ ಇರುವರು.

“ನೋಡ್ರೀ,” ಅಂದರು ಹೆಂಡತಿ ಕೊನೆಗೆ, ಸೌಟು ಕೈಯಲ್ಲಿ ಹಿಡಿದೇ. “ಆ ಹದಿನಾಲ್ಕರ ಹತ್ರ ಏನೇ ಕೇಳಿಸಲಿ, ದೊಪ್ ಅಂತ ಬರೀತೀನಿ ಅನ್ನಿ. ಸುತ್ತಿಗೆ ತಾನಾಗೇ ಸಿಗುತ್ತೆ.”

“ಅದು ಸೇತುವೆ ಕಣೇ. ಜನ ಓಡಾಡೋದು.”

“ನನ್ನ ಮೊಮ್ಮಗಳು ಜನ ಅಲ್ವಾ?”

ಇದಕ್ಕೆ ಉತ್ತರ ಹುಡುಕುವುದಕ್ಕಿಂತ ಸುತ್ತಿಗೆ ಹುಡುಕುವುದು ಸುಲಭ ಅನ್ನಿಸಿ ಟಣ್ಣಪ್ಪನವರು ಮಂಚದ ಕೆಳಗೆ ತೂರಿದರು. ಅವರಿಗೆ ಗಡಿಬಿಡಿ ಯಾಕೆಂದರೆ, ತಟ್ಟುವ ಕೆಲಸ ಬಿಸಿಲೇರುವ ಮುಂಚೆಯೇ ಮುಗಿಯಬೇಕು. ಬಿಸಿಲಿಗೆ ಹೊರಗಿನ ಉಕ್ಕು ಹಿಗ್ಗುತ್ತದೆ, ಒಳಗಿನ ಕಾಂಕ್ರೀಟು ತಣ್ಣಗೇ ಕೂತಿರುತ್ತದೆ. ನಡುವೆ ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ಗಟ್ಟಿ ಕೊಳವೆ ಕೂಡ ಟಣ್ ಅಂತ ಸುಳ್ಳು ಹೇಳುತ್ತದೆ. ಸಂಜೆ ತಂಪಾದ ಮೇಲೆ ಏನೂ ಆಗಿಯೇ ಇಲ್ಲವೆಂಬಂತೆ ಮತ್ತೆ ಮುಚ್ಚಿಕೊಳ್ಳುತ್ತದೆ.

ಮಂಚ ಜರುಗಿದ ಸದ್ದಿಗೆ ಪೋಸ್ಟ್ ಮಾಸ್ತರು ಬಂದರು. ಬೇರೆಯವರ ಮನೆಯಲ್ಲಿ ಏನಾದರೂ ಕಳೆದರೆ ಅವರಿಗೆ ಎಲ್ಲಿಲ್ಲದ ಹುರುಪು.

“ಕೊನೇ ಸಲ ನೋಡಿದ್ದು ಯಾವಾಗ? ಯಾರ ಮೇಲಾದ್ರೂ ಅನುಮಾನ?”

“ಇದೆ,” ಅಂದರು ಟಣ್ಣಪ್ಪನವರು, ಮಂಚದ ಕೆಳಗಿನಿಂದ.

“ಹೇಳೋಕೆ ಧೈರ್ಯ ಇದೆಯಾ?”

“ಇಲ್ಲ.”

ಮಾಸ್ತರು ಅರ್ಥ ಮಾಡಿಕೊಂಡು ಕೈ ಹಾಕಿದರು. ಟ್ರಂಕಿನ ಬಟ್ಟೆ ಒಂದೊಂದಾಗಿ ಹೊರಬಂತು. ಹಳೆಯ ಕಾಗದಗಳ ಕಟ್ಟು ಸಿಕ್ಕಾಗ ಮಾಸ್ತರು ಅಭ್ಯಾಸಬಲದಿಂದ ಎರಡನ್ನು ಓದಿಯೂ ಬಿಟ್ಟರು. ಗಂಟೆ ಎಂಟಾಯಿತು, ಒಂಬತ್ತಾಯಿತು. ಕೊನೆಗೆ ಮಾಸ್ತರು, “ಅಮ್ಮಾ, ಒಂಚೂರು ಚಹಾ ಸಿಗುತ್ತಾ?” ಅಂತ ಅಡುಗೆಮನೆಗೆ ನುಗ್ಗಿ ಸಕ್ಕರೆ ಅಂದುಕೊಂಡು ಹಿಟ್ಟಿನ ಡಬ್ಬಕ್ಕೆ ಕೈ ಹಾಕಿದರು. ಸುತ್ತಿಗೆ ಹೊರಗೆ ಬಂತು, ಆಗತಾನೇ ಪೌಡರು ಹಚ್ಚಿಸಿಕೊಂಡ ಕೂಸಿನ ಹಾಗೆ.

ಹೆಂಡತಿ ಮಾಸ್ತರನ್ನು ನೋಡಿದ ನೋಟಕ್ಕೆ ಚಹಾ ಬೇಡವಾಯಿತು. ಪ್ರಾಯಶ್ಚಿತ್ತಕ್ಕೆಂಬಂತೆ ಮಾಸ್ತರು ಸ್ಕೂಟರು ತೆಗೆದರು. ಅದು ಅರ್ಧ ದಾರಿ ಅವರನ್ನು ಹೊತ್ತಿತು. ಮಿಕ್ಕ ಅರ್ಧ ದಾರಿ ಅವರು ಅದನ್ನು ತಳ್ಳಿದರು.

ಟಣ್ಣಪ್ಪನವರು ಸೇತುವೆಯ ಗೇಟು ಮುಟ್ಟಿದಾಗ ಸೂರ್ಯ ನೆತ್ತಿಯ ಹತ್ತಿರ ಬಂದಿದ್ದ. ಕಮಾನಿನ ಬುಡಕ್ಕೆ ಹಲಗೆಗಳ ನೆರಳಿತ್ತು. ಹದಿನಾಲ್ಕರ ಹತ್ತಿರ ಮಾತ್ರ ಹಲಗೆ ಬಿಚ್ಚಿಬಿಟ್ಟಿದ್ದರು. ಅಲ್ಲಿ ಉಕ್ಕು ದೋಸೆ ಕಾವಲಿಯ ಹಾಗೆ ಹೊಳೆಯುತ್ತಿತ್ತು.

“ಬಂದ್ರು ಬಂದ್ರು,” ಅಂದ ಸ್ಟೋರಿನವನು. ಅವನ ಬಾಯಿಗೆ ರಜೆಯೆಂಬುದಿರಲಿಲ್ಲ. “ಏನು ಟಣ್ಣಪ್ಪನವ್ರೇ, ಸುತ್ತಿಗೆಗೆ ಹಿಟ್ಟು ಹಚ್ಚಿದೀರಿ? ಅಳಿಯಂದ್ರಿಗೆ ನೋವಾಗಬಾರ್ದು ಅಂತಾನಾ?”

ಸುತ್ತಲಿದ್ದವರು ನಕ್ಕರು. ಅಳಿಯ ಪಂಪಿನ ಪಕ್ಕ ತಲೆತಗ್ಗಿಸಿ ನಿಂತಿದ್ದ. ಒಳ್ಳೆಯ ಹುಡುಗ. ಮಾತು ಕಡಿಮೆ.

ಎಂಜಿನಿಯರಮ್ಮ ಬಂದಳು. ಟಣ್ಣಪ್ಪನವರ ಮಗಳ ವಯಸ್ಸಿನವಳು, ಕಲ್ಲುಮನಸ್ಸಿನವಳಲ್ಲ. “ಹೊತ್ತಾಯ್ತಲ್ಲ, ನಾಳೆ ಬೆಳಿಗ್ಗೆ ತಟ್ತೀರಾ?” ಅಂತ ತಾನಾಗಿಯೇ ಕೇಳಿದಳು.

ಹ್ಞೂಂ ಅಂದುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅಷ್ಟರಲ್ಲಿ ಸ್ಟೋರಿನವನು, “ಅಳಿಯನ ಕೊಳವೆಗೆ ನಾಳೆ, ಬೇರೆಯವರದ್ದಾದ್ರೆ ಇವತ್ತೇ,” ಅಂತ ಗಾಳಿಗೆ ಹೇಳಿದ. ಮಾತು ಗಾಳಿಗೆ ಹೇಳಿದ್ದು, ಹೋಗಿ ಚುಚ್ಚಿದ್ದು ಟಣ್ಣಪ್ಪನವರಿಗೆ.

“ನಾಳೆ ಗೀಳೆ ಇಲ್ಲ. ಈಗಲೇ ತಟ್ತೀನಿ.”

“ಸರಿ. ಪುಸ್ತಕದಲ್ಲಿ ಇಷ್ಟೇ ಇದೆ,” ಅಂತ ಎಂಜಿನಿಯರಮ್ಮ ಪಂಪಿನ ದಿನಚರಿ ಓದಿದಳು. “ಹದಿನಾಲ್ಕನೇ ಬೆಸುಗೆ ಹತ್ರ ನಾಲ್ಕು ನಿಮಿಷ ನಿಲುಗಡೆ. ಕಾರಣ, ಹೋಸ್ ಸಡಿಲಾಗಿತ್ತು, ಬಿಗಿ ಮಾಡಿದೆ.”

ಟಣ್ಣಪ್ಪನವರ ಬಾಯಿ ತೆರೆಯಿತು. ಹೋಸು ಸಡಿಲಾಗಿರಲಿಲ್ಲ. ಅವತ್ತು ಮೇಲಿಂದ ಅವರೇ ಅಳಿಯನಿಗೆ ಫೋನ್ ಮಾಡಿದ್ದರು. ಏನೇ ಆದರೂ ಪಂಪು ನಿಲ್ಲಿಸಬೇಡಿ ಅಂತ ಹೇಳುವುದಕ್ಕೆ. ಪಂಪಿನ ಗದ್ದಲದಲ್ಲಿ ಮಾತಾಡುವುದು ಹೇಗೆ? ಮಾವ ಕೆಲಸದ ನಡುವೆ ಫೋನ್ ಮಾಡಿದ್ದಾರೆಂದರೆ ಏನೋ ಅನಾಹುತವೇ ಇರಬೇಕು ಅಂದುಕೊಂಡು ಅಳಿಯ ಪಂಪು ನಿಲ್ಲಿಸಿ ಕೇಳಿದ. ನಿಲ್ಲಿಸಬಾರದು ಯಾಕೆ ಅಂತ ಮಾವ ನಾಲ್ಕು ನಿಮಿಷ ವಿವರಿಸಿದರು.

ಇದನ್ನು ಅಳಿಯ ಯಾರಿಗೂ ಹೇಳಿರಲಿಲ್ಲ. ಪುಸ್ತಕದಲ್ಲಿ ತಪ್ಪನ್ನು ಹೋಸಿನ ತಲೆಗೆ ಕಟ್ಟಿ, ಮಾವನನ್ನು ಉಳಿಸಿದ್ದ. ಈಗ ಮಾವ ಒಂದು ಮಾತು ಹೇಳಬೇಕಿತ್ತು. ಎಲ್ಲರೂ ನೋಡುತ್ತಿದ್ದರು. ತೆರೆದ ಬಾಯಿ ಮುಚ್ಚಿಕೊಂಡಿತು. ಮುಂದೆ ಬಹಳ ದಿನ ಟಣ್ಣಪ್ಪನವರಿಗೆ ನಿದ್ದೆಯಲ್ಲಿ ಕಾಣುತ್ತಿದ್ದದ್ದು ಬೀಳುವ ಸೇತುವೆಯಲ್ಲ, ಮುಚ್ಚಿಕೊಂಡ ಆ ಬಾಯಿ.

ಅವರು ಬುಡದಿಂದ ತಟ್ಟುತ್ತ ಹೊರಟರು. ದೊಪ್. ದೊಪ್. ದೊಪ್. ಒಂದೊಂದು ಪೆಟ್ಟಿಗೂ ಸುತ್ತಿಗೆಯಿಂದ ಚೂರು ಹಿಟ್ಟು ಉದುರುತ್ತಿತ್ತು. ಹದಿಮೂರು ಬೆಸುಗೆ ದಾಟಿತು. ಹದಿನಾಲ್ಕರಲ್ಲಿ ಸುತ್ತಿಗೆ ಎತ್ತಿದ ಕೈ ಕ್ಷಣ ನಿಂತಿತು.

ಟಣ್.

ಮತ್ತೆ ತಟ್ಟಿದರು. ಟಣ್.

ಬಿಸಿಲಿನ ಸುಳ್ಳಿರಬಹುದು, ತಂಪಾಗುವವರೆಗೆ ಕಾಯಬೇಕು, ಅಂತ ಕಿವಿ ಹೇಳಿತು. ಬೇರೆಯವರ ಅಳಿಯನಾಗಿದ್ದರೆ ಖಂಡಿತ ಕಾಯುತ್ತಿದ್ದರು. ಆದರೆ ತಮ್ಮ ಅಳಿಯನಿಗೋಸ್ಕರ ಕಾದರೆ ಅದು ಪಕ್ಷಪಾತ. ಹೀಗೆ ನ್ಯಾಯವಂತನಾಗುವ ಹಟದಲ್ಲಿ, ಊರಿಗೆಲ್ಲ ಕೊಡುವ ನ್ಯಾಯವನ್ನು ಮನೆಯವನಿಗೆ ಕೊಡದೆ, ಟಣ್ಣಪ್ಪನವರು ಜೇಬಿನಿಂದ ಸೀಮೆಸುಣ್ಣ ತೆಗೆದು ಸುತ್ತು ಬರೆದರು. ಇಪ್ಪತ್ತೆಂಟು ವರ್ಷದಲ್ಲಿ ಅಷ್ಟು ದುಂಡಗೆ ಯಾವತ್ತೂ ಬಂದಿರಲಿಲ್ಲ.

“ಇನ್ನೂ ಮೇಲಕ್ಕೆ?” ಕೂಗಿದಳು ಎಂಜಿನಿಯರಮ್ಮ.

“ಮೇಲೆ ಬೇಕಾಗಿಲ್ಲಮ್ಮ. ಮೂಗಿನ ಹತ್ರ ನಾನೇ ನಿಂತಿದ್ದೆನಲ್ಲ.”

ಅದು ಸರಿ ಅಂತ ಅವಳು ಬರೆದುಕೊಂಡಳು.

ಡ್ರಿಲ್ಲಿನವನು ಮೇಲೆ ಹತ್ತಿ ಸುತ್ತಿನ ನಡುವೆ ತೂತು ಕೊರೆದ. ಉಕ್ಕು ದಾಟಿತು. ಪೊಳ್ಳಿದ್ದರೆ ಡ್ರಿಲ್ಲು ತಟಕ್ಕನೆ ಒಳಗೆ ಜಾರಬೇಕು. ಜಾರಲಿಲ್ಲ. ಕಿರುಚಿತು, ಹೊಗೆಯಾಡಿತು, ಬೂದು ಪುಡಿ ಉಗುಳಿತು. ಗೇಣುದ್ದ ಹೋದರೂ ಬಂಡೆಯಂಥ ಕಾಂಕ್ರೀಟೇ.

“ಗಟ್ಟಿ ಇದೆ ಮೇಡಂ! ಇದಕ್ಕಿಂತ ಗಟ್ಟಿ ನಾನು ಕೊರೆದಿಲ್ಲ!”

ಸ್ಟೋರಿನವನು ಚಪ್ಪಾಳೆ ತಟ್ಟಿದ. “ಹಿಟ್ಟು ಸುತ್ತಿಗೆಗಲ್ಲ, ಕಿವಿಗೆ ಹೋಗಿತ್ತು ಅಂತ ಕಾಣುತ್ತೆ!”

ಎಂಜಿನಿಯರಮ್ಮ ಅವರನ್ನು ಪಕ್ಕಕ್ಕೆ ಕರೆದಳು. “ಬಿಸಿಲಿಗೆ ಹೀಗಾಗುತ್ತೆ ಅಂತ ನನಗೆ ಹೇಳ್ಕೊಟ್ಟಿದ್ದೇ ನೀವು. ಮತ್ತ್ಯಾಕೆ?”

ಟಣ್ಣಪ್ಪನವರು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತ ನಿಂತರು.

“ಇರಲಿ. ಮೇಲಿನದು ನೀವೇ ನಿಂತು ನೋಡಿದ್ದು, ನಿಮ್ಮ ಮಾತು ನಂಬ್ತೀನಿ. ಕಮಾನು ಪಾಸು. ನೀವು ನಾಳೆಯಿಂದ ಸ್ಟೋರಿನಲ್ಲಿ ಕೂತ್ಕೊಳ್ಳಿ. ಕಿವಿಗೂ ಒಂಚೂರು ವಿಶ್ರಾಂತಿ ಬೇಕಲ್ಲ.”

ಅಂದರೆ ಸ್ಟೋರಿನವನ ಕೈಕೆಳಗೆ. ಹೆಲ್ಮೆಟ್ಟು ಒರೆಸುವ ಕೆಲಸ.

ಸಂಜೆ ಮನೆಯಲ್ಲಿ ಎಲ್ಲರೂ ಸೇರಿದರು. ಅಳಿಯನಿಗೆ ಕಾಯಂ ಆದ ಸಂತೋಷ ಒಂದು ಕಡೆ. ಅದನ್ನು ಅಪ್ಪನ ಎದುರಿಗೆ ತೋರಿಸುವುದು ಹೇಗೆ ಅನ್ನುವ ಸಂಕಟ ಇನ್ನೊಂದು ಕಡೆ. ಹೆಂಡತಿ ಬಡಿಸುತ್ತ ಬಡಿಸುತ್ತ, “ಸ್ವಂತ ಅಳಿಯನ ಮೇಲೆ ಬರೆದ್ರಲ್ಲ, ಸುತ್ತು,” ಅಂದರು. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

“ಬಿಡಿ ಅತ್ತೆ,” ಅಂದ ಅಳಿಯ. “ಮಾವನಿಗೆ ಕೇಳಿಸಿದ್ದನ್ನ ಬರೆದ್ರು. ಇಲ್ದಿದ್ರೆ ಅವರು ಮಾವ ಹೇಗಾಗ್ತಾರೆ?”

ಮೊಮ್ಮಗಳು ಚಮಚೆ ಹಿಡಿದು ತೊಡೆ ಏರಿದಳು. ತಲೆ ತಟ್ಟಿ ಟಣ್ ಅಂದಳು. ಅವತ್ತು ಯಾರೂ ನಗಲಿಲ್ಲ.

ಮರುದಿನ ಬೆಳಕು ಹರಿಯುವ ಮುಂಚೆಯೇ ಟಣ್ಣಪ್ಪನವರು ಒದ್ದೆ ಬಟ್ಟೆಯೊಂದನ್ನು ಚೀಲದಲ್ಲಿಟ್ಟುಕೊಂಡು ಸೇತುವೆಗೆ ಹೋದರು. ಜನ ಬಂದು ಮತ್ತೊಮ್ಮೆ ನೋಡುವುದರೊಳಗೆ ಆ ಸುತ್ತು ಅಳಿಸಬೇಕು. ಗೇಟಿನಲ್ಲಿ ಅಳಿಯ ನಿಂತಿದ್ದ.

“ನೀವ್ಯಾಕೆ ಬಂದ್ರಿ?”

“ನಿಮ್ಮೊಬ್ಬರನ್ನೇ ಮೇಲೆ ಹತ್ತೋಕೆ ಬಿಡಬೇಡಿ ಅಂದ್ರು ಅತ್ತೆ.”

ಇಬ್ಬರೂ ಮೆಟ್ಟಿಲೇರಿದರು. ಹೊಳೆಯ ಮೇಲೆ ತೆಳ್ಳಗೆ ಮಂಜು. ಉಕ್ಕು ಬಾವಿಯ ನೀರಿನಷ್ಟು ತಣ್ಣಗಿತ್ತು. ಹದಿನಾಲ್ಕರ ಹತ್ತಿರ ಟಣ್ಣಪ್ಪನವರು ಸುತ್ತನ್ನು ತಿಕ್ಕಿ ಅಳಿಸಿ, ತಡೆಯಲಾರದೆ ಸುತ್ತಿಗೆ ತೆಗೆದು ಒಂದು ಪೆಟ್ಟು ಕೊಟ್ಟರು.

ದೊಪ್.

ಅಷ್ಟು ತುಂಬಿದ, ಅಷ್ಟು ಚೆಂದದ ದೊಪ್. ಅವರ ಕಣ್ಣು ಒದ್ದೆಯಾಯಿತು. “ಕೇಳಿದ್ರಾ ಅಳಿಯಂದ್ರೇ? ಬೆಣ್ಣೆಮುದ್ದೆ ಹಾಗಿದೆ! ನಾಲ್ಕು ನಿಮಿಷ ನಿಂತ್ರೂ ಒಂದು ಚೂರು ಸಂದಿಲ್ಲ!”

ಕಿವಿ ಇನ್ನೂ ಬದುಕಿದೆ ಅನ್ನುವ ಸಂತೋಷಕ್ಕೆ ಅವರು ಚಿಕ್ಕ ಹುಡುಗನ ಹಾಗೆ ತಟ್ಟುತ್ತ ತಟ್ಟುತ್ತ ಮೇಲಕ್ಕೆ ನಡೆದರು. ಹದಿನೈದು, ದೊಪ್. ಹದಿನಾರು, ದೊಪ್. ಹಿಂದಿನಿಂದ ಅಳಿಯ, ಬೀಳದಿರಲಿ ಅಂತ ಕೈ ಚಾಚಿಕೊಂಡು. ನೆತ್ತಿ ಬಂತು, ಮೂಗು ಬಂತು. ಮೂಗಿನ ಪಕ್ಕದಲ್ಲಿ ಅವರು ಕೊನೆಯ ಪೆಟ್ಟನ್ನು ಕೊಂಚ ಗತ್ತಿನಿಂದಲೇ ಕೊಟ್ಟರು.

ಟಣ್.

ಟಣ್ಣಪ್ಪನವರು ಮೊಣಕಾಲೂರಿದರು. ಅತ್ತ ಒಂದು ಗೇಣು, ಇತ್ತ ಒಂದು ಗೇಣು. ಟಣ್. ಟಣ್.

ಆಗ ನೆನಪಾಯಿತು. ನೆನಪಾಯಿತು ಅನ್ನುವುದೂ ತಪ್ಪು, ಅದು ಅಲ್ಲೇ ಇತ್ತು, ಅವರು ತಟ್ಟಿ ನೋಡಿರಲಿಲ್ಲ ಅಷ್ಟೇ. ಅವತ್ತು ಅವರು ಇನ್ನೊಂದು ಸಲವೂ ಫೋನ್ ಮಾಡಿದ್ದರು. ಪಂಪು ನಿಲ್ಲಿಸಿದಿರಲ್ಲ, ಬುದ್ಧಿ ಇದೆಯಾ, ಅಂತ ಅಳಿಯನನ್ನು ಬೈಯುವುದಕ್ಕೆ. ಈ ಸಲ ಅಳಿಯ ಪಂಪು ನಿಲ್ಲಿಸದೆ, ಫೋನನ್ನು ಹೆಗಲಿಗೂ ಕಿವಿಗೂ ನಡುವೆ ಸಿಕ್ಕಿಸಿಕೊಂಡು ಬೈಸಿಕೊಂಡ. ಬೈಗುಳ ಒಳ್ಳೆಯ ಭರದಲ್ಲಿರುವಾಗ ಮೂಗಿನಿಂದ ಬೆಳ್ಳಗೆ ಏನೋ ಉಕ್ಕಿತು. ಮಾತು ನಿಲ್ಲಿಸದೆ, ಬಗ್ಗಿ ನೋಡದೆ, ಎಡಗೈಯಿಂದ ಬಾವುಟ ಎತ್ತಿಬಿಟ್ಟರು. ಅದು ಬರೀ ನೊರೆ.

ಅಳಿಯನಿಗೂ ಆ ಸದ್ದು ಕೇಳಿಸಿತ್ತು. ಪೂರ್ವದ ಬೂದು ಬಣ್ಣ ಇನ್ನೂ ಕರಗಿರಲಿಲ್ಲ, ಸೂರ್ಯನ ಸುಳಿವಿರಲಿಲ್ಲ. ಅವನು ಹೊಳೆಯ ಕಡೆ ತಿರುಗಿದ. ಆಮೇಲೆ ಮೆಲ್ಲಗೆ ಹೇಳಿದ.

“ಬಿಸಿಲಿಗೆ ಇರಬೇಕು ಮಾವ.”

ಟಣ್ಣಪ್ಪನವರು ಅವನ ಮುಖ ನೋಡಿದರು. ಆರು ವರ್ಷದಿಂದ ತಮ್ಮ ಮನೆಯಲ್ಲಿ ಊಟ ಮಾಡುವ ಈ ಮನುಷ್ಯನನ್ನು ಅವರು ಒಂದು ಸಲವೂ ಕಿವಿ ಕೊಟ್ಟು ಕೇಳಿರಲಿಲ್ಲ. ಕಮಾನು ಪಾಸಾಗಿದೆ. ಇವನು ಹೇಳುವುದಿಲ್ಲ. ಇನ್ನು ಯಾರೂ ತಟ್ಟುವುದಿಲ್ಲ.

ಅವರು ಜೇಬಿಗೆ ಕೈ ಹಾಕಿದರು. ಸೀಮೆಸುಣ್ಣ ಉಗುರಿನಷ್ಟೇ ಉಳಿದಿತ್ತು. ಈ ಸಲದ ಸುತ್ತು ದುಂಡಗೆ ಬರಲಿಲ್ಲ.

ಎಂಟು ಗಂಟೆಗೆ ಡ್ರಿಲ್ಲಿನವನು ಕೊರೆದ. ಉಕ್ಕು ದಾಟಿದ್ದೇ ತಡ, ಡ್ರಿಲ್ಲು ತಟಕ್ಕನೆ ಒಳಗೆ ಜಾರಿತು.

“ಅಷ್ಟು ಬೇಗ ಬಾವುಟ ಎತ್ತಿದ್ದು ಯಾಕೆ?” ಕೇಳಿದಳು ಎಂಜಿನಿಯರಮ್ಮ.

“ಫೋನಲ್ಲಿದ್ದೆ ಅಮ್ಮಾ.”

“ಯಾರ ಹತ್ರ?”

“ಅಳಿಯಂದ್ರ ಹತ್ರ. ಪಂಪ್ ನಿಲ್ಲಿಸಿದ್ದಕ್ಕೆ ಬೈತಿದ್ದೆ.”

“ಅದು ಹೋಸು...”

“ಹೋಸಲ್ಲ. ಅವ್ರು ನಿಲ್ಲಿಸಿದ್ದು ನನ್ನ ಫೋನ್ ಬಂತು ಅಂತ.”

“ನೀವು ಮಾಡಿದ್ದು ಯಾಕೆ?”

“ನಿಲ್ಲಿಸ್ಬೇಡಿ ಅನ್ನೋಕೆ.”

ಸ್ಟೋರಿನವನೂ ನಗಲಿಲ್ಲ. ಅವನ ಬಾಯಿಗೆ ಅವತ್ತು ಮೊದಲ ರಜೆ.

ಎಂಜಿನಿಯರಮ್ಮ ಪೊಳ್ಳಿಗೆ ಗಂಜಿ ತುಂಬಿಸಲು ಹೇಳಿದಳು, ಮಧ್ಯಾಹ್ನದೊಳಗೆ ತುಂಬಿತು. ಆಮೇಲೆ ಟಣ್ಣಪ್ಪನವರ ಕಡೆ ತಿರುಗಿ ಮುಖವರಳಿಸಿ ಹೇಳಿದಳು. “ಪಾಸಾದ ಕಮಾನಿನಲ್ಲಿ, ತನ್ನದೇ ತಪ್ಪನ್ನ ಹುಡುಕಿ ಸುತ್ತು ಬರೆಯೋ ಕಿವಿ ಇನ್ನೆಲ್ಲಿ ಸಿಗುತ್ತೆ? ಇದನ್ನ ಸ್ಟೋರಿನಲ್ಲಿ ಕೂರಿಸೋದು ಅನ್ಯಾಯ. ಮುಂದಿನ ಸೇತುವೆಗೆ ಇದೇ ಕಿವಿ ಬೇಕು. ಶಿಕ್ಷೆ ಅಂತ ತಿಳ್ಕೋಬೇಡಿ, ಇದು ಬಡ್ತಿ.”

ಮೂರು ದಿನದ ರೈಲು. ಶಿಕ್ಷೆಗೂ ಬಡ್ತಿಗೂ ಅದೇ ರೈಲು, ಅದೇ ಮೂರು ದಿನ.

ಮನೆಗೆ ಬಂದು ಹೇಳಿದಾಗ ಹೆಂಡತಿ ಅಳಲಿಲ್ಲ, ಕೂಗಾಡಲೂ ಇಲ್ಲ. ಟ್ರಂಕು ಹೊರಗೆಳೆದು ಬಟ್ಟೆ ಮಡಿಸತೊಡಗಿದರು. ಅಂಗಳದಲ್ಲಿ ಮೊಮ್ಮಗಳು ಚಮಚೆ ಹಿಡಿದು ಮಾಸ್ತರ ಗೋಡೆ ತಟ್ಟುತ್ತಿದ್ದಳು. ಬಟ್ಟೆಗಳ ಮೇಲೆ ಸುತ್ತಿಗೆಯನ್ನು ಒರೆಸಿ ಇಟ್ಟು, ಮುಚ್ಚಳ ಹಾಕುವ ಮುಂಚೆ ಹೆಂಡತಿ ಒಂದು ಗಳಿಗೆ ಅದನ್ನೇ ನೋಡುತ್ತ ಕೂತರು.

“ನಾನೂ ಎಂಥ ಪೆದ್ದಿ,” ಅಂದರು. “ಸುತ್ತಿಗೆ ಬಚ್ಚಿಟ್ಟೆ. ಬಚ್ಚಿಡಬೇಕಿದ್ದದ್ದು ಫೋನು. ಅದೂ ಮೂರು ವಾರದ ಹಿಂದೆ.”